ಹಲ್ಲಿಗಿಂತ ಮೊದಲು ಹೊರೆ: ಪಿಕಪ್ ವಾಹನಕ್ಕೆ ಬಾಳಿಕೆಯ ಟೈರು

ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ, ತೀರ್ಥಹಳ್ಳಿಗಳ ಸುತ್ತಿನ ತೋಟಗಳಲ್ಲಿ ದುಡಿಯುವ ಪಿಕಪ್ ವಾಹನವು ಒಂದೇ ದಿನದಲ್ಲಿ ಮೂರು ಬಗೆಯ ನೆಲವನ್ನು ತುಳಿಯಬೇಕಾಗುತ್ತದೆ. ತೋಟದೊಳಗಿನ ಏರುದಾರಿಯಲ್ಲಿ ಮಳೆಗಾಲದ ಕೆಸರಿದ್ದರೆ, ಊರನ್ನು ಮುಟ್ಟುವ ಮಣ್ಣುರಸ್ತೆಯಲ್ಲಿ ಜಲ್ಲಿಯೂ ಮೊನಚಾದ ಜಂಬಿಟ್ಟಿಗೆ ಕಲ್ಲೂ ಮೇಲೆದ್ದಿರುತ್ತವೆ. ಅಲ್ಲಿಂದ ಮುಂದೆ ಮಂಡಿಗೆ ಅಥವಾ ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ ಹೋಗುವ ದಾರಿ ನುಣುಪಾದ ಡಾಂಬರಿನದು. ಕೆಸರು ಆಳವಾದ, ಅಗಲವಾಗಿ ಬಿಡಿಬಿಡಿಯಾದ ಹಲ್ಲುಗಳನ್ನು ಬೇಡುತ್ತದೆ, ಕಲ್ಲು ಹರಿಯದ ಪಕ್ಕೆಯನ್ನು ಬೇಡುತ್ತದೆ, ಡಾಂಬರಾದರೋ ಒತ್ತೊತ್ತಾಗಿ ನೆಲಕ್ಕೆ ಕಚ್ಚಿಕೊಳ್ಳುವ ಮೆದು ರಬ್ಬರನ್ನು ಬೇಡುತ್ತದೆ. ಹೀಗೆ ಒಂದಕ್ಕೊಂದು ವಿರುದ್ಧವಾದ ಬೇಡಿಕೆಗಳ ನಡುವೆ ಒಪ್ಪಂದ ಮಾಡಿಕೊಂಡು ತಯಾರಿಸಿದ ಟೈರಿಗೆ ವ್ಯಾಪಾರದಲ್ಲಿ ಆಲ್ ಟೆರೇನ್ ಅಥವಾ ಎಟಿ ಟೈರು ಎಂಬ ಹೆಸರಿದೆ. ಬರಿಯ ಡಾಂಬರಿಗಾಗಿ ಮಾಡಿದ ಹೈವೇ ಟೈರು ಇದರ ಒಂದು ಬದಿಗೂ, ಕೆಸರಿಗಾಗಿಯೇ ಮಾಡಿದ ಮಡ್ ಟೈರು ಇನ್ನೊಂದು ಬದಿಗೂ ಇರುತ್ತವೆ. ಅಂಗಡಿಯಲ್ಲಿ ಕೊಳ್ಳುವವರ ಕಣ್ಣು ಮೊದಲು ಬೀಳುವುದು ಹಲ್ಲಿನ ಗಾತ್ರದ ಮೇಲೆ. ಆದರೆ ಟೈರು ಎಷ್ಟು ಕಾಲ, ಎಷ್ಟು ಸುರಕ್ಷಿತವಾಗಿ ಬಾಳುತ್ತದೆ ಎಂಬುದನ್ನು ಹಲ್ಲಿಗಿಂತ ಹೆಚ್ಚಾಗಿ ನಿರ್ಧರಿಸುವುದು ಹೊರಗಿನಿಂದ ಕಾಣದ ಹಂದರ, ಪಕ್ಕೆಯ ಮೇಲೆ ಸಣ್ಣದಾಗಿ ಅಚ್ಚಾಗಿರುವ ಅಂಕಿಗಳು ಮತ್ತು ಒಳಗೆ ತುಂಬಿದ ಗಾಳಿ.

ಇದನ್ನು ಅರಿಯಲು ಟೈರಿನ ರಚನೆಯನ್ನು ಒಮ್ಮೆ ನೋಡಬೇಕಾಗುತ್ತದೆ. ಚಕ್ರದ ಡಿಸ್ಕಿಗೆ ಬಿಗಿಯಾಗಿ ಕಚ್ಚಿಕೊಳ್ಳುವ ಎರಡು ಅಂಚುಗಳಲ್ಲಿ ಉಕ್ಕಿನ ತಂತಿಯ ಬಳೆಗಳಿರುತ್ತವೆ. ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಸಾಗುವ ದಾರದ ಪದರಗಳೇ ಟೈರಿನ ಹಂದರ. ಈ ದಾರಗಳು ಪರಸ್ಪರ ಓರೆಯಾಗಿ ಹಾದುಹೋದರೆ ಅದು ನಮ್ಮ ಕಡೆ ನೈಲಾನ್ ಟೈರು ಎಂದು ಕರೆಯುವ ಹಳೆಯ ಬಗೆಯದು, ಅಂಚಿನಿಂದ ಅಂಚಿಗೆ ನೇರವಾಗಿ ಸಾಗಿ ಅವುಗಳ ಮೇಲೆ ಉಕ್ಕಿನ ಪಟ್ಟಿಗಳು ಸುತ್ತಿಕೊಂಡಿದ್ದರೆ ಅದು ರೇಡಿಯಲ್ ಟೈರು. ರೇಡಿಯಲ್ ರಚನೆಗೆ ಫ್ರಾನ್ಸಿನ ಮಿಶೆಲಿನ್ ಸಂಸ್ಥೆ 1946ರಲ್ಲಿ ಪೇಟೆಂಟ್ ಪಡೆಯಿತು. ಇದರಲ್ಲಿ ಪಕ್ಕೆ ಮತ್ತು ಮೇಲ್ಪದರ ಬೇರೆಬೇರೆಯಾಗಿ ಕೆಲಸ ಮಾಡುತ್ತವೆ: ಪಕ್ಕೆ ಬಾಗುತ್ತದೆ, ಉಕ್ಕಿನ ಪಟ್ಟಿಯಿಂದ ಬಿಗಿಗೊಂಡ ಮೇಲ್ಪದರ ನೆಲದ ಮೇಲೆ ಸಮನಾಗಿ ಹರಡಿಕೊಳ್ಳುತ್ತದೆ. ಆದ್ದರಿಂದ ರೇಡಿಯಲ್ ಟೈರು ನಿಧಾನವಾಗಿ ಸವೆಯುತ್ತದೆ, ಕಡಿಮೆ ಕಾಯುತ್ತದೆ, ಇಂಧನವನ್ನೂ ಉಳಿಸುತ್ತದೆ. ಅದರ ದೌರ್ಬಲ್ಯವಿರುವುದು ಪಕ್ಕೆಯಲ್ಲಿ. ಒಂದೇ ಪದರದ ತೆಳುವಾದ ಪಕ್ಕೆಗೆ ಒಡೆದ ಕಲ್ಲಿನ ಅಂಚೋ ಕಡಿದ ಗಿಡದ ಕೂಳೆಯೋ ತಗುಲಿದರೆ ಅದು ಸೀಳಿಹೋಗುತ್ತದೆ, ಮತ್ತು ಮೇಲ್ಪದರದ ತೂತನ್ನು ಮುಚ್ಚಿದಂತೆ ಪಕ್ಕೆಯ ಸೀಳನ್ನು ಪಂಚರ್ ಅಂಗಡಿಯಲ್ಲಿ ಭದ್ರವಾಗಿ ಮುಚ್ಚಲು ಬರುವುದಿಲ್ಲ, ಏಕೆಂದರೆ ಅಲ್ಲಿ ಹೊರೆ ಹೊರುವ ದಾರವೇ ತುಂಡಾಗಿರುತ್ತದೆ ಮತ್ತು ಚಕ್ರದ ಪ್ರತಿಯೊಂದು ಸುತ್ತಿನಲ್ಲೂ ಆ ಜಾಗ ಬಾಗುತ್ತಲೇ ಇರುತ್ತದೆ. ತೋಟದ ಕೆಲಸಕ್ಕೆ ಟೈರು ಕೊಳ್ಳುವವರು ಪಕ್ಕೆಯಲ್ಲಿ ಎಷ್ಟು ಪದರಗಳಿವೆ ಎಂದು ಮೊದಲು ಕೇಳಬೇಕಾದದ್ದು ಈ ಕಾರಣಕ್ಕೆ. ಪ್ರತಿ ಟೈರಿನ ಪಕ್ಕೆಯ ಮೇಲೂ, ಮೇಲ್ಪದರದ ಕೆಳಗೆ ಎಷ್ಟು ಪದರ, ಪಕ್ಕೆಯಲ್ಲಿ ಎಷ್ಟು ಪದರ, ಅವು ಪಾಲಿಯೆಸ್ಟರಿನವೋ ನೈಲಾನಿನವೋ ಉಕ್ಕಿನವೋ ಎಂಬುದು ಸಾಮಾನ್ಯವಾಗಿ ಅಚ್ಚಾಗಿರುತ್ತದೆ. ಮೂರು ಪದರದ ಪಕ್ಕೆಯುಳ್ಳ ಎಟಿ ಟೈರುಗಳೂ ಮಾರುಕಟ್ಟೆಯಲ್ಲಿವೆ.

ಅದೇ ಪಕ್ಕೆಯ ಮೇಲೆ ಅಳತೆಯೂ ಇರುತ್ತದೆ. ಉದಾಹರಣೆಗೆ 235/75 ಆರ್ 15 105 ಎಸ್ ಎಂಬ ಬರಹದಲ್ಲಿ 235 ಎಂಬುದು ಮಿಲಿಮೀಟರಿನಲ್ಲಿ ಟೈರಿನ ಅಗಲ, 75 ಎಂಬುದು ಆ ಅಗಲದ ಶೇಕಡಾ ಎಷ್ಟು ಭಾಗ ಪಕ್ಕೆಯ ಎತ್ತರವಿದೆ ಎಂಬ ಲೆಕ್ಕ, ಆರ್ ಎಂದರೆ ರೇಡಿಯಲ್, 15 ಎಂದರೆ ಇಂಚಿನಲ್ಲಿ ಡಿಸ್ಕಿನ ವ್ಯಾಸ. ಕೊನೆಯ ಎಸ್ ಅಕ್ಷರ ವೇಗದ ಮಿತಿಯನ್ನು, ಅಂದರೆ ಗಂಟೆಗೆ 180 ಕಿಲೋಮೀಟರನ್ನು ಹೇಳುತ್ತದೆ. ಪಿಕಪ್ಪಿಗೆ ಇದು ದೊಡ್ಡ ಪ್ರಶ್ನೆಯಲ್ಲ. ದೊಡ್ಡ ಪ್ರಶ್ನೆ 105 ಎಂಬ ಅಂಕಿಯದು. ಇದು ಭಾರಸೂಚಿ. ಇದು ನೇರವಾಗಿ ಕಿಲೋಗ್ರಾಂ ಅಲ್ಲ, ಒಂದು ಪಟ್ಟಿಯಲ್ಲಿನ ಕ್ರಮಾಂಕ. ಆ ಪಟ್ಟಿಯ ಪ್ರಕಾರ 100 ಎಂದರೆ 800 ಕಿಲೋಗ್ರಾಂ, 104 ಎಂದರೆ 900, 105 ಎಂದರೆ 925, 108 ಎಂದರೆ 1,000, 112 ಎಂದರೆ 1,120 ಕಿಲೋಗ್ರಾಂ; ಸರಿಯಾದ ಗಾಳಿ ತುಂಬಿದಾಗ ಒಂದು ಟೈರು ಹೊರಬಹುದಾದ ಗರಿಷ್ಠ ಭಾರ ಇಷ್ಟು. ಕಾರಿನ ಮಟ್ಟಿಗೆ ಈ ಅಂಕಿಯನ್ನು ಮರೆತರೂ ನಡೆದೀತು, ಏಕೆಂದರೆ ಐದು ಜನ ಕುಳಿತ ಕಾರಿಗೂ ಖಾಲಿ ಕಾರಿಗೂ ಭಾರದಲ್ಲಿ ಅಂತಹ ಅಂತರವಿರುವುದಿಲ್ಲ. ಪಿಕಪ್ಪಿನದು ಹಾಗಲ್ಲ. ಖಾಲಿ ಇದ್ದಾಗ ಅದರ ಹಿಂಬದಿ ಹಗುರ. ಗೊಬ್ಬರದ ಚೀಲಗಳನ್ನೋ ಶುಂಠಿಯನ್ನೋ ಹೇರಿದಾಗ ಸೇರಿದ ಭಾರದ ಬಹುಪಾಲು ಹಿಂದಿನ ಎರಡು ಚಕ್ರಗಳ ಮೇಲೆಯೇ ಕೂರುತ್ತದೆ. ಹಿಂದಿನ ಅಚ್ಚಿನ ಮೇಲೆ 1,800 ಕಿಲೋಗ್ರಾಂ ಬಿತ್ತೆಂದು ಇಟ್ಟುಕೊಂಡರೆ ಒಂದೊಂದು ಚಕ್ರದ ಪಾಲು 900 ಕಿಲೋಗ್ರಾಂ ಆಗುತ್ತದೆ. ಅಲ್ಲಿ 104ರ ಟೈರು ಹಾಕಿದರೆ ಲೆಕ್ಕಕ್ಕೆ ಸರಿಹೋದಂತೆ ಕಾಣುತ್ತದೆ, ಆದರೆ ಉಳಿಕೆ ಏನೂ ಇರುವುದಿಲ್ಲ. ತಿರುವಿನಲ್ಲಿ ಭಾರ ಹೊರಬದಿಯ ಚಕ್ರಕ್ಕೆ ಸರಿದಾಗ, ಗುಂಡಿಗೆ ಬಿದ್ದಾಗ, ಮಳೆಯಲ್ಲಿ ನೆನೆದ ಚೀಲಗಳು ತೂಕ ಹೆಚ್ಚಿಸಿಕೊಂಡಾಗ ಟೈರು ತನ್ನ ಮಿತಿಯಾಚೆ ದುಡಿಯುತ್ತದೆ. ಅದಕ್ಕಾಗಿ ವಾಹನದ ಕೈಪಿಡಿಯಲ್ಲಿ ಹೇಳಿದ ಭಾರಸೂಚಿಗಿಂತ ಕಡಿಮೆಯದನ್ನು ಎಂದಿಗೂ ಹಾಕಬಾರದು. ಸಾಧ್ಯವಿದ್ದರೆ ಒಂದೆರಡು ಮೆಟ್ಟಿಲು ಮೇಲಿನದನ್ನೇ ಆರಿಸಬೇಕು.

ಇಲ್ಲಿ ಇನ್ನೊಂದು ಭೇದವನ್ನು ಗಮನಿಸಬೇಕಾಗುತ್ತದೆ. ಒಂದೇ ಅಳತೆಯ, ನೋಡಲು ಒಂದೇ ಬಗೆಯ ಹಲ್ಲಿನ ಟೈರು ಎರಡು ವರ್ಗಗಳಲ್ಲಿ ತಯಾರಾಗಬಹುದು: ಒಂದು ಪ್ರಯಾಣಿಕರ ವಾಹನದ ವರ್ಗ, ಇನ್ನೊಂದು ಲಘು ಟ್ರಕ್ಕಿನ ವರ್ಗ. ಎರಡನೆಯದರ ಅಳತೆಯ ಜೊತೆಗೆ ಎಲ್‌ಟಿ ಎಂಬ ಎರಡು ಅಕ್ಷರಗಳಿರುತ್ತವೆ. ಎಲ್‌ಟಿ ಟೈರಿನ ದಾರ ದಪ್ಪ, ಅಂಚಿನ ತಂತಿ ಬಲ, ತಡೆಯುವ ಗಾಳಿಯ ಒತ್ತಡ ಹೆಚ್ಚು. ಜೊತೆಗೆ ಸಿ, ಡಿ, ಇ ಎಂಬ ಭಾರವರ್ಗದ ಅಕ್ಷರವೂ ಇರುತ್ತದೆ. ಇವನ್ನೇ ಹಳೆಯ ಲೆಕ್ಕದಲ್ಲಿ 6, 8, 10 ಪ್ಲೈ ಎಂದು ಕರೆಯುತ್ತಾರೆ. ಈಗಿನ ಟೈರಿನಲ್ಲಿ ಅಷ್ಟು ಪದರಗಳು ನಿಜವಾಗಿ ಇರುವುದಿಲ್ಲ; ಹಿಂದಿನ ಕಾಲದ ಅಷ್ಟು ಹತ್ತಿಯ ಪದರಗಳಿಗೆ ಸಮನಾದ ಬಲ ಎಂಬುದಷ್ಟೇ ಅದರ ಅರ್ಥ. 235/75 ಆರ್ 15 ಅಳತೆಯ ಪ್ರಯಾಣಿಕ ವರ್ಗದ ಟೈರಿನಲ್ಲಿ 105 ಎಂದೂ, ಅದೇ ಅಳತೆಯ ಸಿ ವರ್ಗದ ಎಲ್‌ಟಿ ಟೈರಿನಲ್ಲಿ 104 ಎಂದೂ ಕಂಡು, ಮೊದಲನೆಯದೇ ಗಟ್ಟಿ ಎಂದು ತೀರ್ಮಾನಿಸುವುದು ಸುಲಭ. ವಾಸ್ತವ ಬೇರೆ. ಅಮೆರಿಕದ ನಿಯಮದಂತೆ ಪ್ರಯಾಣಿಕ ವರ್ಗದ ಟೈರನ್ನು ಪಿಕಪ್ಪಿಗೆ ಹಾಕುವಾಗ ಅದರ ಭಾರಮಿತಿಯನ್ನು 1.10ರಿಂದ ಭಾಗಿಸಬೇಕು, ಆಗ 925 ಕಿಲೋಗ್ರಾಂ ಸುಮಾರು 840ಕ್ಕೆ ಇಳಿಯುತ್ತದೆ, ಎಲ್‌ಟಿ ಟೈರಿನ 900 ಹಾಗೆಯೇ ಉಳಿಯುತ್ತದೆ. ಹೊರೆ ಹೊರುವ ಗಾಡಿ ಗುಂಡಿಗೂ ಏರುತಗ್ಗಿಗೂ ಸಿಗುವುದು ಹೆಚ್ಚು ಎಂಬ ಅನುಭವವೇ ಈ ಕಡಿತದ ಹಿಂದಿದೆ. ನಮ್ಮಲ್ಲಿ ವಾಣಿಜ್ಯ ವಾಹನಗಳ ಟೈರಿಗೆ ಐಎಸ್ 15636 ಎಂಬ ಭಾರತೀಯ ಮಾನಕವೂ, ಪ್ರಯಾಣಿಕ ಕಾರುಗಳ ಟೈರಿಗೆ ಐಎಸ್ 15633 ಎಂಬ ಮಾನಕವೂ ಇವೆ. ಐಎಸ್‌ಐ ಗುರುತಿನ ಜೊತೆಗಿರುವ ಈ ಅಂಕಿಯನ್ನು ನೋಡಿಯೂ ಟೈರು ಯಾವ ವರ್ಗದ್ದೆಂದು ತಿಳಿಯಬಹುದು.

ಹೊರೆ, ಗಾಳಿ ಮತ್ತು ಬಿಸಿಲು ಈ ಮೂರೂ ಸೇರಿದರೆ ಏನಾಗಬಹುದು ಎಂಬುದಕ್ಕೆ ಟೈರಿನ ಇತಿಹಾಸದಲ್ಲಿ ಒಂದು ದುಃಖಕರ ನಿದರ್ಶನವಿದೆ. 2000ದ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಫೈರ್‌ಸ್ಟೋನ್ ಸಂಸ್ಥೆ ಎಟಿಎಕ್ಸ್ ಮತ್ತು ವೈಲ್ಡರ್‌ನೆಸ್ ಎಟಿ ಎಂಬ ಹೆಸರಿನ ಸುಮಾರು 65 ಲಕ್ಷ ಟೈರುಗಳನ್ನು ಬಳಕೆಯಿಂದ ಹಿಂದಕ್ಕೆ ಪಡೆಯುವುದಾಗಿ ಪ್ರಕಟಿಸಿತು. ಹೆಸರೇ ತಿಳಿಸುವಂತೆ ಅವು ಎಲ್ಲ ನೆಲಕ್ಕೂ ಸಲ್ಲುವ ಟೈರುಗಳೆಂದು ಮಾರಾಟವಾದಂಥವು, ಅಳತೆಯೂ ಮೇಲೆ ಹೇಳಿದ 235/75 ಆರ್ 15. ಅವುಗಳಲ್ಲಿ ಹೆಚ್ಚಿನವು ಫೋರ್ಡ್ ಸಂಸ್ಥೆಯ ಎಕ್ಸ್‌ಪ್ಲೋರರ್ ಎಂಬ ವಾಹನದಲ್ಲಿದ್ದವು. ಆ ವಾಹನವನ್ನು ರೇಂಜರ್ ಎಂಬ ಪಿಕಪ್ಪಿನ ಅಡಿಪಾಯದ ಮೇಲೆ ಕಟ್ಟಲಾಗಿತ್ತು. ಓಡುತ್ತಿರುವಾಗಲೇ ಟೈರಿನ ಮೇಲ್ಪದರ ಸಿಪ್ಪೆಯಂತೆ ಕಳಚಿ, ವಾಹನ ಹತೋಟಿ ತಪ್ಪಿ ಉರುಳಿದ ಪ್ರಕರಣಗಳಲ್ಲಿ ಆ ದೇಶವೊಂದರಲ್ಲೇ 270ಕ್ಕೂ ಹೆಚ್ಚು ಜನ ಸತ್ತರು. ತನಿಖೆಯಲ್ಲಿ ಕಂಡುಬಂದದ್ದೇನೆಂದರೆ, ಒಂದರ ಮೇಲೊಂದಿದ್ದ ಎರಡು ಉಕ್ಕಿನ ಪಟ್ಟಿಗಳ ಅಂಚಿನಲ್ಲಿ ಸಣ್ಣ ಬಿರುಕು ಹುಟ್ಟಿ, ಅವುಗಳ ನಡುವಿನ ರಬ್ಬರಿನಲ್ಲಿ ಒಳಗೊಳಗೇ ಹರಡಿ, ಕೊನೆಗೆ ಮೇಲಿನ ಪಟ್ಟಿಯೇ ಮೇಲ್ಪದರದೊಂದಿಗೆ ಕಿತ್ತುಬರುತ್ತಿತ್ತು. ಇಂತಹ ಪ್ರಕರಣಗಳು ಟೆಕ್ಸಸ್, ಅರಿಜೋನಾ, ಫ್ಲಾರಿಡಾಗಳಂತಹ ಬಿಸಿ ಸೀಮೆಗಳಲ್ಲಿ ಹೆಚ್ಚಾಗಿದ್ದವು. ವಾಹನ ತಯಾರಕರು ಸೂಚಿಸಿದ್ದ ಗಾಳಿಯ ಒತ್ತಡ 26 ಪಿಎಸ್‌ಐ ಮಾತ್ರ, ಅಂದರೆ ಚದರ ಇಂಚಿಗೆ 26 ಪೌಂಡು. ಟೈರು ತಯಾರಕರು ಹೇಳುತ್ತಿದ್ದದ್ದು 30. ತಪ್ಪು ಯಾರದೆಂಬ ವಾದ ಎರಡು ಸಂಸ್ಥೆಗಳ ನಡುವೆ ಬಹುಕಾಲ ನಡೆಯಿತು. ಅದೇ ವರ್ಷದ ನವೆಂಬರಿನಲ್ಲಿ ಅಮೆರಿಕ ಹೊಸ ಕಾನೂನೊಂದನ್ನು ತಂದಿತು. ಟೈರಿನ ಗಾಳಿ ಇಳಿದರೆ ಚಾಲಕನಿಗೆ ತಿಳಿಸುವ ಎಚ್ಚರಿಕೆಯ ದೀಪ ಅಲ್ಲಿನ ವಾಹನಗಳಲ್ಲಿ ಕಡ್ಡಾಯವಾದದ್ದು ಆ ಕಾನೂನಿನ ಫಲ.

ಈ ಪ್ರಕರಣ ಕರ್ನಾಟಕದ ಓದುಗರಿಗೆ ದೂರದ್ದಲ್ಲ. ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ ಗಾಳಿಯ ಉಷ್ಣತೆಯೇ 40 ಡಿಗ್ರಿ ದಾಟುತ್ತದೆ, ಡಾಂಬರಿನದು ಅದಕ್ಕಿಂತ ಬಹಳ ಹೆಚ್ಚು. ಚಕ್ರ ಉರುಳಿದಂತೆ ಪಕ್ಕೆ ಪ್ರತಿ ಸುತ್ತಿನಲ್ಲೂ ಒಮ್ಮೆ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಬಾಗಲು ತೆಗೆದುಕೊಂಡ ಶಕ್ತಿಯೆಲ್ಲವನ್ನೂ ರಬ್ಬರು ಹಿಂದಿರುಗಿಸುವುದಿಲ್ಲ, ಒಂದು ಪಾಲು ಬಿಸಿಯಾಗಿ ಒಳಗೇ ಉಳಿಯುತ್ತದೆ. ಗಾಳಿ ಕಡಿಮೆಯಾದಷ್ಟೂ, ಹೊರೆ ಹೆಚ್ಚಿದಷ್ಟೂ ಬಾಗು ಹೆಚ್ಚುತ್ತದೆ. ವೇಗ ಏರಿದಷ್ಟೂ ಬಾಗುವಿಕೆ ಪದೇಪದೇ ಆಗುತ್ತದೆ. ಇದರಿಂದ ಹುಟ್ಟಿದ ಬಿಸಿಯು ರಬ್ಬರಿಗೂ ಉಕ್ಕಿಗೂ ಇರುವ ಬೆಸುಗೆಯನ್ನು ಸಡಿಲಿಸುತ್ತದೆ. ದಪ್ಪ ಹಲ್ಲಿನ ಟೈರಿನಲ್ಲಿ ರಬ್ಬರಿನ ಗಾತ್ರವೇ ಹೆಚ್ಚಾದ್ದರಿಂದ ಹುಟ್ಟುವ ಬಿಸಿಯೂ ಹೆಚ್ಚು, ಹೊರಗೆ ಹೋಗಬೇಕಾದ ದಾರಿಯೂ ಉದ್ದ. ಹೀಗಾಗಿ ಬಯಲುಸೀಮೆಯ ಹೆದ್ದಾರಿಯಲ್ಲಿ ದಿನವಿಡೀ ಹೊರೆ ಹೊತ್ತು ಓಡುವ ಪಿಕಪ್ಪಿಗೆ, ಗಟ್ಟಿಯಾಗಿರಲಿ ಎಂದು ಮಡ್ ಟೈರು ಹಾಕಿಸುವುದು ಬಾಳಿಕೆಯನ್ನು ಕಡಿಮೆ ಮಾಡುವ ದಾರಿ. ಸರಕಿನ ಮೇಲೆ ಆಳುಗಳು ಕುಳಿತು ಹೋಗುವುದು ಕಾನೂನಿಗೆ ವಿರುದ್ಧವಾದರೂ ನಮ್ಮ ಹಳ್ಳಿದಾರಿಗಳಲ್ಲಿ ಇನ್ನೂ ನಿಂತಿಲ್ಲ; ಅಂತಹ ಗಾಡಿಯ ಒಂದು ಟೈರು ಕಳಚಿದರೆ ಬೆಲೆ ತೆರುವವರು ಅದನ್ನು ಆರಿಸಿದವರಲ್ಲ ಎಂಬುದನ್ನು ತೋಟದ ಯಜಮಾನರು ನೆನಪಿನಲ್ಲಿಡಬೇಕು.

ಇನ್ನು ಹಲ್ಲಿನ ವಿಷಯ. ಟೈರಿನ ಮೇಲ್ಮೈಯಲ್ಲಿ ನೆಲಕ್ಕೆ ತಾಗುವ ರಬ್ಬರಿನ ಗಟ್ಟಿಗಳೂ ಅವುಗಳ ನಡುವಿನ ಖಾಲಿ ಕಾಲುವೆಗಳೂ ಇರುತ್ತವೆ. ಖಾಲಿ ಜಾಗ ಎಷ್ಟು ಪಾಲು ಎಂಬುದೇ ಟೈರಿನ ಗುಣವನ್ನು ಬಹುಮಟ್ಟಿಗೆ ಹೇಳುತ್ತದೆ. ಎರೆಮಣ್ಣಿನ ಸೀಮೆಯಲ್ಲಿ, ಅಂದರೆ ಧಾರವಾಡ, ಗದಗ, ವಿಜಯಪುರಗಳ ಕಪ್ಪು ನೆಲದಲ್ಲಿ, ಒದ್ದೆಯಾದ ಮಣ್ಣು ಕಾಲುವೆಗಳಲ್ಲಿ ಮೆತ್ತಿಕೊಂಡು ಕ್ಷಣದಲ್ಲಿ ಟೈರನ್ನು ನುಣ್ಣಗಿನ ಉರುಳೆಯನ್ನಾಗಿಸುತ್ತದೆ. ಅಲ್ಲಿ ಅಗಲವಾದ ಕಾಲುವೆಯ, ಭುಜದ ಕಡೆ ಹೊರಕ್ಕೆ ತೆರೆದುಕೊಂಡ ಹಲ್ಲಿನ ಟೈರು ತಿರುಗುವಾಗ ಮಣ್ಣನ್ನು ಎಸೆದು ಮತ್ತೆ ಹಿಡಿತ ಪಡೆಯುತ್ತದೆ. ಮಲೆನಾಡಿನ ಮಣ್ಣು ಹಾಗಲ್ಲ. ಅಲ್ಲಿ ಕೆಸರು ತೆಳುವಾದ ಜಾರುಪದರವಾಗಿ ಗಟ್ಟಿ ಜಂಬಿಟ್ಟಿಗೆಯ ಮೇಲೆ ಕೂತಿರುವುದೇ ಹೆಚ್ಚು, ಆದ್ದರಿಂದ ಆಳವಾಗಿ ಅಗೆಯುವ ಹಲ್ಲಿಗಿಂತ ಅಂಚುಗಳು ಹೆಚ್ಚಾಗಿರುವ ಹಲ್ಲು ಚೆನ್ನಾಗಿ ಹಿಡಿಯುತ್ತದೆ. ಈ ಸೀಮೆಗೆ ಎಟಿ ಟೈರು ಸಲ್ಲುವಷ್ಟು ಮಡ್ ಟೈರು ಸಲ್ಲುವುದಿಲ್ಲ. ಜಲ್ಲಿ ರಸ್ತೆಯಲ್ಲಿ ಇನ್ನೊಂದು ಕೇಡಿದೆ: ಕಾಲುವೆಯಲ್ಲಿ ಸಿಕ್ಕಿಕೊಂಡ ಕಲ್ಲು ಪ್ರತಿ ಸುತ್ತಿನಲ್ಲೂ ಒಳಕ್ಕೆ ಕೊರೆಯುತ್ತಾ ಉಕ್ಕಿನ ಪಟ್ಟಿಯನ್ನು ಮುಟ್ಟುತ್ತದೆ, ಆ ತೂತಿನಿಂದ ನೀರು ಇಳಿದು ಉಕ್ಕು ತುಕ್ಕು ಹಿಡಿಯುತ್ತದೆ. ಒಳ್ಳೆಯ ಎಟಿ ಟೈರಿನ ಕಾಲುವೆಯ ತಳದಲ್ಲಿ ಕಲ್ಲನ್ನು ಹೊರತಳ್ಳುವ ಸಣ್ಣ ದಿಂಡುಗಳಿರುತ್ತವೆ. ಕೊಳ್ಳುವಾಗ ಬೆರಳಿಟ್ಟು ನೋಡಿದರೆ ಅವು ಸಿಗುತ್ತವೆ.

ಹಲ್ಲಿನ ಆಕಾರದಷ್ಟೇ ಮುಖ್ಯ ಅದನ್ನು ಮಾಡಿದ ರಬ್ಬರಿನ ಪಾಕ. ನೈಸರ್ಗಿಕ ರಬ್ಬರಿಗೆ ಒಂದು ಅಪರೂಪದ ಗುಣವಿದೆ: ಜೋರಾಗಿ ಎಳೆದಾಗ ಅದರ ಅಣುಸರಪಳಿಗಳು ಸಾಲುಗೂಡಿ ಹರಳಿನಂತೆ ಬಿಗಿಯುತ್ತವೆ, ಹೀಗಾಗಿ ಸೀಳಿನ ತುದಿಯಲ್ಲೇ ರಬ್ಬರು ಗಟ್ಟಿಯಾಗಿ ಸೀಳು ಮುಂದುವರಿಯದಂತೆ ತಡೆಯುತ್ತದೆ. ಕಲ್ಲಿನ ಮೇಲೆ ದುಡಿಯುವ ಟೈರಿನಲ್ಲಿ, ಟ್ರಕ್ಕಿನ ಟೈರಿನಲ್ಲಿ, ವಿಮಾನದ ಟೈರಿನಲ್ಲಿ ಇಂದಿಗೂ ನೈಸರ್ಗಿಕ ರಬ್ಬರಿನ ಪಾಲು ಹೆಚ್ಚಿರುವುದು ಇದರಿಂದ. ಅದಕ್ಕೆ ಕಾರ್ಬನ್ ಬ್ಲ್ಯಾಕ್ ಎಂಬ ನುಣ್ಣನೆಯ ಮಸಿಯನ್ನು ಬೆರೆಸಿದರೆ ಸವೆತ ತಗ್ಗುತ್ತದೆ. ಸಿಲಿಕಾ ಬೆರೆಸಿದರೆ ಒದ್ದೆ ರಸ್ತೆಯ ಹಿಡಿತ ಹೆಚ್ಚುತ್ತದೆ, ಉರುಳುವಾಗಿನ ಎಳೆತ ಕಡಿಮೆಯಾಗುತ್ತದೆ, ಆದರೆ ಕಲ್ಲಿಗೆ ತಗುಲಿ ಚಕ್ಕೆ ಏಳುವುದನ್ನು ತಡೆಯುವ ಶಕ್ತಿ ಸಾಮಾನ್ಯವಾಗಿ ಅಷ್ಟಿರುವುದಿಲ್ಲ. ಸುಳ್ಯ, ಪುತ್ತೂರುಗಳ ಕಡೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳನ್ನೂ, ಮೈಸೂರಿನಲ್ಲಿ ರಾಜ್ಯ ಸರ್ಕಾರದ ಪಾಲಿನೊಂದಿಗೆ ಆರಂಭವಾಗಿ 1997ರಲ್ಲಿ ಜೆಕೆ ಟೈರ್ ಸಂಸ್ಥೆಯ ಕೈಸೇರಿದ ವಿಕ್ರಾಂತ್ ಟೈರ್ಸ್ ಕಾರ್ಖಾನೆಯನ್ನೂ ಕಂಡ ನಾಡಿನಲ್ಲಿ, ಈ ಪಾಕದ ಬಗ್ಗೆ ಜನಸಾಮಾನ್ಯರಿಗೆ ತಿಳಿಯುವ ಭಾಷೆಯಲ್ಲಿ ಇನ್ನಷ್ಟು ಬರಹ ಬರಬೇಕಿತ್ತು.

ಘಟ್ಟದ ಮಳೆಯ ವಿಷಯಕ್ಕೆ ಬಂದರೆ, ದಪ್ಪ ಹಲ್ಲು ಎಂದರೆ ಹೆಚ್ಚು ಹಿಡಿತ ಎಂಬ ನಂಬಿಕೆ ಅಪಾಯಕಾರಿಯಾಗುತ್ತದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಆಗುಂಬೆಯ ತಿರುವುಗಳಲ್ಲಾಗಲಿ, ಚಾರ್ಮಾಡಿ ಮತ್ತು ಶಿರಾಡಿಯ ಇಳಿಜಾರಿನಲ್ಲಾಗಲಿ, ಗಾಡಿಯನ್ನು ನಿಲ್ಲಿಸುವುದು ಡಾಂಬರನ್ನು ನಿಜವಾಗಿ ಮುಟ್ಟಿರುವ ರಬ್ಬರು. ಕಾಲುವೆಗಳು ನೀರನ್ನು ಹೊರಸಾಗಿಸುತ್ತವೆಯಾದರೂ, ಹಲ್ಲುಗಳು ದೂರದೂರವಾಗಿದ್ದರೆ ನೆಲ ಮುಟ್ಟುವ ರಬ್ಬರೇ ಕಡಿಮೆಯಾಗುತ್ತದೆ, ಎತ್ತರದ ಹಲ್ಲು ಬ್ರೇಕ್ ಹಾಕಿದಾಗ ಬಳುಕುತ್ತದೆ, ನಿಲ್ಲುವ ದೂರ ಹೆಚ್ಚುತ್ತದೆ. ಇದಕ್ಕೆ ಪರಿಹಾರವಾಗಿ ಪ್ರತಿ ಹಲ್ಲಿನ ಮೇಲೂ ಚಾಕುವಿನಿಂದ ಗೀರಿದಂತಹ ತೆಳುವಾದ ಸೀಳುಗೆರೆಗಳನ್ನು ಕೊಟ್ಟಿರುತ್ತಾರೆ. ಅವು ನೆಲದ ಮೇಲಿನ ನೀರಿನ ಪೊರೆಯನ್ನು ಒಡೆದು ಹಿಡಿತಕ್ಕೆ ಹೊಸ ಅಂಚುಗಳನ್ನು ಒದಗಿಸುತ್ತವೆ. ಈ ಗೆರೆಗಳು ಹಲ್ಲಿನ ಬುಡದವರೆಗೂ ಇಳಿದಿವೆಯೋ ಅಥವಾ ಅರ್ಧಕ್ಕೇ ನಿಂತಿವೆಯೋ ಎಂದು ನೋಡುವುದು ಅಗತ್ಯ, ಏಕೆಂದರೆ ಅರ್ಧಕ್ಕೆ ನಿಂತ ಗೆರೆಯ ಟೈರು ಅರ್ಧ ಸವೆದ ಮೇಲೆ ಮಳೆಯಲ್ಲಿ ಬೇರೆಯೇ ಟೈರಿನಂತೆ ವರ್ತಿಸುತ್ತದೆ. ಕಾಲುವೆಯ ತಳದಲ್ಲಿ 1.6 ಮಿಲಿಮೀಟರ್ ಎತ್ತರದ ಸವೆತಸೂಚಕ ದಿಂಡುಗಳಿರುತ್ತವೆ. ಹಲ್ಲು ಅವುಗಳ ಮಟ್ಟಕ್ಕೆ ಇಳಿದರೆ ಟೈರು ಮುಗಿಯಿತೆಂದು ಅರ್ಥ. ಆದರೆ ಘಟ್ಟದಲ್ಲಿ ಓಡುವ ಗಾಡಿ ಅಲ್ಲಿಯವರೆಗೆ ಕಾಯಬಾರದು. ಅಷ್ಟು ಆಳವಿಲ್ಲದ ಕಾಲುವೆಗೆ ಜೋರುಮಳೆಯ ನೀರನ್ನು ಸಾಗಿಸುವ ಶಕ್ತಿ ಉಳಿದಿರುವುದಿಲ್ಲ, ಟೈರು ನೀರಿನ ಮೇಲೆಯೇ ತೇಲಿಬಿಡುತ್ತದೆ.

ಕಂಪನಿ ಕೊಟ್ಟ ಅಳತೆಗಿಂತ ದೊಡ್ಡ ಟೈರು ಹಾಕಿಸುವ ರೂಢಿ ಈಚೆಗೆ ಬೆಳೆಯುತ್ತಿದೆ. 215/75 ಆರ್ 15 ಅಳತೆಯ ಟೈರಿನ ಒಟ್ಟು ವ್ಯಾಸ 703.5 ಮಿಲಿಮೀಟರ್, ಅದರ ಜಾಗದಲ್ಲಿ 235/75 ಆರ್ 15 ಹಾಕಿದರೆ 733.5 ಆಗುತ್ತದೆ, ಅಂದರೆ ಶೇಕಡಾ 4ಕ್ಕಿಂತ ತುಸು ಹೆಚ್ಚು. ವೇಗಮಾಪಕ ಮೊದಲು ಸರಿಯಾಗಿದ್ದಿದ್ದರೆ ಈಗ ಅದು 60 ತೋರಿಸುವಾಗ ಗಾಡಿ 62.6ರಲ್ಲಿ ಓಡುತ್ತಿರುತ್ತದೆ. ನೆಲದಿಂದ ಗಾಡಿ ಏರುವುದು 15 ಮಿಲಿಮೀಟರ್ ಮಾತ್ರ. ಪ್ರತಿಯಾಗಿ ಏರಿನಲ್ಲಿ ಎಂಜಿನ್ನಿನ ಎಳೆತ ಕುಗ್ಗುತ್ತದೆ, ಬ್ರೇಕಿನ ಮೇಲೆ ಭಾರ ಹೆಚ್ಚುತ್ತದೆ, ಪೂರ್ತಿ ತಿರುಗಿಸಿದಾಗ ಟೈರು ಮಡ್‌ಗಾರ್ಡಿಗೆ ಉಜ್ಜಬಹುದು. ದುಡಿಯುವ ಪಿಕಪ್ಪಿಗೆ ಈ ವಿನಿಮಯ ಲಾಭದ್ದಲ್ಲ. ಅದೇ ಹಣವನ್ನು ಅದೇ ಅಳತೆಯಲ್ಲಿ ಮೇಲಿನ ಭಾರವರ್ಗದ ಟೈರಿಗೆ ಕೊಡುವುದು ವಿವೇಕ.

ಮೇಲಿನ ಭಾರವರ್ಗದ ಟೈರು ಹಾಕಿದ ಮೇಲೆ ಹಳೆಯ ಒತ್ತಡದ ಗಾಳಿಯನ್ನೇ ತುಂಬಿಸುತ್ತಾ ಹೋದರೆ ಕೊಟ್ಟ ಹಣ ವ್ಯರ್ಥವಾಗುತ್ತದೆ. ಭಾರ ಹೊರುವುದು ಮುಖ್ಯವಾಗಿ ಗಾಳಿ. ರಬ್ಬರು ಮತ್ತು ದಾರ ಆ ಗಾಳಿಯನ್ನು ಹಿಡಿದಿಡುವ ಪಾತ್ರೆ. ಎಲ್‌ಟಿ ಟೈರಿನ ಸಿ ವರ್ಗ 50, ಡಿ ವರ್ಗ 65, ಇ ವರ್ಗ 80 ಪಿಎಸ್‌ಐ ವರೆಗೆ ಗಾಳಿ ತಡೆಯುವಂತೆ ರಚಿತವಾಗಿರುತ್ತದೆ, ಮತ್ತು ಅದರ ಪೂರ್ಣ ಭಾರಮಿತಿ ಸಿಗುವುದು ಆ ಒತ್ತಡದಲ್ಲಿ ಮಾತ್ರ. ಖಾಲಿ ಗಾಡಿಗೆ ಅಷ್ಟು ಗಾಳಿ ಬೇಡ. ತುಂಬಿಸಿದರೆ ಟೈರಿನ ನಡುಭಾಗವೊಂದೇ ನೆಲ ಮುಟ್ಟಿ ಸವೆಯುತ್ತದೆ, ಗಾಡಿ ಕುಪ್ಪಳಿಸುತ್ತದೆ. ಆದ್ದರಿಂದ ಖಾಲಿ ಇದ್ದಾಗ ಒಂದು, ಹೊರೆ ಇದ್ದಾಗ ಇನ್ನೊಂದು ಎಂದು ಎರಡು ಒತ್ತಡಗಳನ್ನು ಕೈಪಿಡಿಯಿಂದಲೂ ತಯಾರಕರ ಪಟ್ಟಿಯಿಂದಲೂ ತಿಳಿದು ಗೋಡೆಯ ಮೇಲೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಗಾಳಿಯನ್ನು ಅಳೆಯಬೇಕಾದದ್ದು ಬೆಳಗಿನ ತಣ್ಣನೆಯ ಟೈರಿನಲ್ಲಿ. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಸಹಜವಾಗಿ ಏರಿರುತ್ತದೆ, ಅದನ್ನು ಕಂಡು ಗಾಳಿ ಬಿಡುವುದು ತಪ್ಪು. ಕೆಸರಿನಲ್ಲಿ ಸಿಕ್ಕಿಕೊಂಡಾಗ ಗಾಳಿಯನ್ನು ತಗ್ಗಿಸಿದರೆ ಟೈರಿನ ಪಾದ ಉದ್ದವಾಗಿ ಹರಡಿ ಗಾಡಿ ಮೇಲೆ ಬರುವುದು ನಿಜ, ಆದರೆ ಅದು ಖಾಲಿ ಗಾಡಿಯಲ್ಲಿ, ನಡಿಗೆಯ ವೇಗದಲ್ಲಿ ಮಾಡಬೇಕಾದ ಕೆಲಸ. ಡಾಂಬರು ಮುಟ್ಟುವ ಮೊದಲೇ ಮತ್ತೆ ಗಾಳಿ ತುಂಬಿಸಲು ಒಂದು ಸಣ್ಣ ಪಂಪು ಗಾಡಿಯಲ್ಲಿರಬೇಕು.

ಟೈರಿನ ವಯಸ್ಸನ್ನೂ ಓದಲು ಬರುತ್ತದೆ. ಪಕ್ಕೆಯ ಮೇಲಿನ ಒಂದು ಚೌಕಟ್ಟಿನಲ್ಲಿ ನಾಲ್ಕು ಅಂಕಿಗಳಿದ್ದು, ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. 2323 ಎಂದಿದ್ದರೆ 2023ರ 23ನೆಯ ವಾರದಲ್ಲಿ ತಯಾರಾದದ್ದು. ರಬ್ಬರು ಓಡದೆ ಬಿದ್ದಿದ್ದರೂ ಗಾಳಿಯ ಆಮ್ಲಜನಕದಿಂದ ಮತ್ತು ಓಝೋನಿನಿಂದ ಗಡಸಾಗಿ ಪಕ್ಕೆಯಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ. ಅಂಗಡಿಯ ಮೂಲೆಯಲ್ಲಿ ವರ್ಷಗಟ್ಟಲೆ ಕುಳಿತ ಟೈರನ್ನು ರಿಯಾಯಿತಿಯ ಆಸೆಗೆ ಕೊಳ್ಳುವವರು ಇದನ್ನು ನೋಡಬೇಕು. ಹಲ್ಲು ಸವೆದ ಟೈರಿಗೆ ಹೊಸ ಮೇಲ್ಪದರ ಅಂಟಿಸುವ ರಿಸೋಲ್ ಪದ್ಧತಿ ಲಾರಿಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಹಂದರ ದೃಢವಾಗಿದ್ದು ಕೆಲಸ ಶುದ್ಧವಾಗಿದ್ದರೆ ಅದರಲ್ಲಿ ದೋಷವಿಲ್ಲ, ಆದರೆ ಪಕ್ಕೆ ಬಿರಿದ, ಕಲ್ಲಿಗೆ ಬಡಿದು ಉಬ್ಬಿದ ಟೈರಿಗೆ ರಿಸೋಲ್ ಮಾಡಿಸುವುದು, ಅದನ್ನು ಮುಂದಿನ ಚಕ್ರಕ್ಕೆ ಹಾಕುವುದು ಎರಡೂ ಕೂಡದು.

ಫೋರ್ ವೀಲ್ ಡ್ರೈವ್ ಇರುವ ಪಿಕಪ್ಪಿನಲ್ಲಿ ನಾಲ್ಕೂ ಟೈರುಗಳ ಸುತ್ತಳತೆ ಒಂದೇ ಇರಬೇಕು. ಮುಂದೆ ಹೊಸದು, ಹಿಂದೆ ಸವೆದದ್ದು ಎಂದಾದರೆ ಎರಡು ಅಚ್ಚುಗಳು ಬೇರೆಬೇರೆ ವೇಗದಲ್ಲಿ ತಿರುಗಲು ಬಯಸುತ್ತವೆ. ಅವೆರಡನ್ನೂ ಜೋಡಿಸಿದ ಗೇರುಪೆಟ್ಟಿಗೆ ಆ ವ್ಯತ್ಯಾಸವನ್ನು ನುಂಗಲಾರದೆ ಒತ್ತಡಕ್ಕೆ ಸಿಲುಕುತ್ತದೆ. ಅದಕ್ಕಾಗಿ ಸುಮಾರು 8,000ದಿಂದ 10,000 ಕಿಲೋಮೀಟರಿಗೊಮ್ಮೆ ಟೈರುಗಳ ಜಾಗ ಬದಲಿಸಿ, ಅದೇ ಹೊತ್ತಿಗೆ ವೀಲ್ ಅಲೈನ್‌ಮೆಂಟ್ ಮಾಡಿಸುವುದು ಕ್ರಮ. ಈ ಸರದಿಯಲ್ಲಿ ಸ್ಟೆಪ್ನಿಯನ್ನೂ ಸೇರಿಸಿಕೊಳ್ಳಬೇಕು: ಅದು ಉಳಿದ ನಾಲ್ಕರಷ್ಟೇ ಅಳತೆ ಮತ್ತು ಭಾರಸೂಚಿಯದಾಗಿದ್ದು, ಗಾಡಿಯ ಅಡಿಯಲ್ಲಿ ಕೆಸರು ಮೆತ್ತಿಕೊಂಡು ಗಾಳಿಯಿಳಿದು ಹಾಗೆಯೇ ಮುದಿಯಾಗುವ ಬದಲು ಐದನೆಯ ಟೈರಾಗಿ ಉಳಿದವುಗಳ ಜೊತೆಗೇ ಸಮನಾಗಿ ಸವೆಯುತ್ತದೆ, ಐದನ್ನೂ ಒಟ್ಟಿಗೇ ಬದಲಿಸಲು ಆಗ ಸಾಧ್ಯವಾಗುತ್ತದೆ.